ಬಾನೆಟ್ ಮೇಲೆ ನೀರು ಮುತ್ತಾಗಿ ನಿಲ್ಲುತ್ತಿಲ್ಲ: ಕಾರ್ನೌಬಾ ವ್ಯಾಕ್ಸ್ ಮುಂಬೈಯಲ್ಲಿ ಎಷ್ಟು ದಿನ ಬಾಳುತ್ತದೆ?

ಪ್ರಶ್ನೆ: ನಮ್ಮದು ಮೂರು ವರ್ಷ ಹಳೆಯ ಕಪ್ಪು ಸೆಡಾನ್. ಮನೆ ಡೊಂಬಿವಲಿ ಪೂರ್ವದಲ್ಲಿ, ರೈಲು ಹಳಿಗೆ ಹತ್ತಿರ. ಸೊಸೈಟಿಯಲ್ಲಿ ನಮಗೆ ಸಿಕ್ಕಿರುವುದು ಬಯಲು ಪಾರ್ಕಿಂಗ್, ಅರ್ಧ ಭಾಗ ಮಳೆಮರದ ಕೆಳಗೆ. ಏಪ್ರಿಲ್ ಕೊನೆಯ ವಾರ 1,800 ರೂಪಾಯಿ ಕೊಟ್ಟು ಕಾರ್ನೌಬಾ ವ್ಯಾಕ್ಸ್ ತಂದು ನಾನೂ ಮಗನೂ ಒಂದು ಭಾನುವಾರ ಪೂರ್ತಿ ಕೂತು ಹಚ್ಚಿದೆವು. ಡಬ್ಬಿಯ ಮೇಲೆ ‘ಆರು ತಿಂಗಳವರೆಗೆ ರಕ್ಷಣೆ’ ಎಂದಿದೆ. ಮೇ ತಿಂಗಳಲ್ಲಿ ಮದುವೆಗೆಂದು ಕುಂದಾಪುರಕ್ಕೆ ಹೋಗಿ ಬಂದೆವು. ಬಂದ ಮೇಲೆ ಒಮ್ಮೆ ವಾಶಿಂಗ್ ಸೆಂಟರಿನಲ್ಲಿ ಫೋಮ್ ವಾಶ್ ಮಾಡಿಸಿದೆ. ಉಳಿದಂತೆ ಸೊಸೈಟಿಯ ಹುಡುಗ ದಿನಾ ಬೆಳಿಗ್ಗೆ ಒರೆಸುತ್ತಾನೆ. ಜೂನ್ ಎರಡನೆಯ ವಾರ ಜೋರು ಮಳೆ ಬಿದ್ದಾಗ ನೋಡಿದರೆ ಬಾನೆಟ್ ಮತ್ತು ರೂಫ್ ಮೇಲೆ ನೀರು ಮುತ್ತಾಗಿ ನಿಲ್ಲದೆ ಚಪ್ಪಟೆಯಾಗಿ ಹರಡುತ್ತಿದೆ. ಬಾಗಿಲುಗಳ ಮೇಲೆ ಮಾತ್ರ ಈಗಲೂ ಮುತ್ತು. ಪುಣೆಯಲ್ಲಿರುವ ಅಣ್ಣ ಅದೇ ಕಂಪನಿಯ ಡಬ್ಬಿ ತಂದು ಮಾರ್ಚ್‌ನಲ್ಲಿ ತನ್ನ ಬಿಳಿ ಗಾಡಿಗೆ ಹಚ್ಚಿದ್ದು ಇನ್ನೂ ಚೆನ್ನಾಗಿದೆ. ನನಗೆ ಸಿಕ್ಕಿದ್ದು ನಕಲಿಯೇ? ಮಳೆಗಾಲದಲ್ಲಿ ಮತ್ತೆ ಹಚ್ಚುವುದು ದಂಡವೇ? ಗೆಳೆಯರು ಸೆರಾಮಿಕ್ ಕೋಟಿಂಗ್ ಮಾಡಿಸು ಎನ್ನುತ್ತಾರೆ. ಮಾವ ಸೀಮೆಎಣ್ಣೆಯಲ್ಲಿ ಒರೆಸಿದರೆ ಸಾಕು ಎನ್ನುತ್ತಾರೆ. ಯಾರ ಮಾತು ಕೇಳಲಿ? — ಓದುಗರು, ಡೊಂಬಿವಲಿ

ಉತ್ತರ: ನಿಮಗೆ ಮೋಸವಾಗಿದೆ ಎಂದು ನನಗೆ ಅನ್ನಿಸುವುದಿಲ್ಲ. ಕಪ್ಪು ಗಾಡಿ, ಬಯಲು ಪಾರ್ಕಿಂಗ್, ನಡುವೆ ಪೂರ್ತಿ ಮೇ ತಿಂಗಳು, ಊರಿಗೆ ಹೋಗಿ ಬಂದ ಸುಮಾರು ಎರಡು ಸಾವಿರ ಕಿಲೋಮೀಟರ್, ಮೇಲಿಂದ ಒಂದು ಫೋಮ್ ವಾಶ್. ಇಷ್ಟಾದ ಮೇಲೂ ಬಾನೆಟ್ ಮೇಲೆ ಆರೇಳು ವಾರ ವ್ಯಾಕ್ಸ್ ಉಳಿದಿದ್ದರೆ ನನಗೇ ಆಶ್ಚರ್ಯವಾಗುತ್ತಿತ್ತು. ಠಾಣೆ ನಗರದಲ್ಲಿ ಹದಿನೇಳು ವರ್ಷದಿಂದ ಗಾಡಿಗಳಿಗೆ ವ್ಯಾಕ್ಸ್, ಕೋಟಿಂಗ್ ಹಚ್ಚಿಕೊಡುವ ಕೆಲಸ ಮಾಡುತ್ತಿದ್ದೇನೆ. ಬಯಲಲ್ಲಿ ನಿಲ್ಲುವ ಕಪ್ಪು ಗಾಡಿಗೆ ಮೇ ತಿಂಗಳಲ್ಲಿ ನಾನು ಹೇಳುವ ಲೆಕ್ಕ ನಾಲ್ಕರಿಂದ ಆರು ವಾರ.

ನಿಮ್ಮ ಪತ್ರದಲ್ಲಿ ನನಗೆ ತುಂಬ ಉಪಯೋಗಕ್ಕೆ ಬಂದ ಮಾತು ಬಾಗಿಲುಗಳದ್ದು. ಡಬ್ಬಿಯೇ ನಕಲಿಯಾಗಿದ್ದರೆ ಬಾಗಿಲಲ್ಲೂ ಮುತ್ತು ನಿಲ್ಲುತ್ತಿರಲಿಲ್ಲ. ಒಂದೇ ಡಬ್ಬಿ, ಒಂದೇ ದಿನ, ಒಂದೇ ಕೈ. ಬಾಗಿಲ ಮೇಲೆ ಉಳಿದದ್ದು ಬಾನೆಟ್ ಮೇಲೆ ಹೋಗಿದೆ ಎಂದರೆ ಕಾರಣವನ್ನು ಡಬ್ಬಿಯೊಳಗೆ ಹುಡುಕಬೇಕಿಲ್ಲ. ಮಲಗಿದ ಭಾಗಕ್ಕೆ ಬೀಳುವ ಪೆಟ್ಟು ನಿಂತ ಭಾಗಕ್ಕೆ ಬೀಳುವುದಿಲ್ಲ.

ಈ ಮೇಣ ಯಾವುದು ಎನ್ನುವುದನ್ನು ಮೊದಲು ಸ್ವಲ್ಪ ಹೇಳಿಬಿಡುತ್ತೇನೆ, ಮುಂದಿನದು ಸುಲಭವಾಗಿ ಅರ್ಥವಾಗುತ್ತದೆ. ಕಾರ್ನೌಬಾ ಬ್ರೆಜಿಲ್ ದೇಶದ ಈಶಾನ್ಯ ಭಾಗದ ಒಂದು ತಾಳೆ ಜಾತಿಯ ಮರ. ಸಿಯಾರಾ, ಪಿಯಾವಿ ರಾಜ್ಯಗಳಲ್ಲಿ ಹೆಚ್ಚು. ಅಲ್ಲಿಯ ಒಣಹವೆಯಲ್ಲಿ ಎಲೆಯ ನೀರು ಆರಿಹೋಗದಂತೆ ಮರವೇ ಎಲೆಗಳ ಮೇಲೆ ಮೇಣ ಬಳಿದುಕೊಳ್ಳುತ್ತದೆ. ಎಲೆ ಕೊಯ್ದು, ಒಣಗಿಸಿ, ಬಡಿದರೆ ಅದು ಪುಡಿಯಾಗಿ ಉದುರುತ್ತದೆ. ನಾವು ಊಟದ ಬಾಳೆ ಎಲೆ ಮಗುಚಿದಾಗ ಬೆರಳಿಗೆ ಬಿಳಿ ಪುಡಿ ಹತ್ತುತ್ತದಲ್ಲ, ಅದೂ ಮೇಣವೇ. ಮಳೆಗಾಲದಲ್ಲಿ ಪತ್ರೊಡೆಗೆಂದು ಕೊಯ್ಯುವ ಕೆಸುವಿನ ಎಲೆಯ ಮೇಲೆ ನೀರು ಪಾದರಸದಂತೆ ಉರುಳುವುದಕ್ಕೂ ಎಲೆಯ ಮೇಣವೇ ಕಾರಣ. ಗಾಡಿಗೆ ನಾವು ಹಚ್ಚುವುದು ಆ ಎಲೆಯ ಗುಣವನ್ನೇ. ಈ ಮರದ ಬೆಲೆ ಎಷ್ಟಿತ್ತೆಂದರೆ, 1935ರಲ್ಲಿ ಅಮೆರಿಕದ ಜಾನ್ಸನ್ ವ್ಯಾಕ್ಸ್ ಕಂಪನಿಯ ಮುಖ್ಯಸ್ಥ ಎಚ್. ಎಫ್. ಜಾನ್ಸನ್ ಜೂನಿಯರ್, ಈ ಮರಗಳು ಮುಂದೆಯೂ ಸಾಕಷ್ಟು ಸಿಗುತ್ತವೆಯೇ ಎಂದು ಕಣ್ಣಾರೆ ನೋಡಲು ತಮ್ಮ ಸಿಕೋರ್ಸ್ಕಿ ವಿಮಾನದಲ್ಲಿ ಬ್ರೆಜಿಲ್‌ಗೆ ಹಾರಿದ್ದರು.

ಸಸ್ಯದ ಮೇಣಗಳಲ್ಲಿ ಇದಕ್ಕಿಂತ ಗಟ್ಟಿಯಾದದ್ದಿಲ್ಲ. ಕರಗುವುದು 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಶುದ್ಧ ಕಾರ್ನೌಬಾದ ತುಂಡು ಕೈಗೆ ಬಂದರೆ ಅದನ್ನು ಗಾಡಿಗೆ ತಿಕ್ಕಲು ಸಾಧ್ಯವೇ ಇಲ್ಲ, ಅಷ್ಟು ಗಡಸು. ಹರಡುವಂತಾಗಲು ಅದಕ್ಕೆ ದ್ರಾವಕ, ಎಣ್ಣೆ, ಜೇನುಮೇಣ, ಪ್ಯಾರಾಫಿನ್ ಇಂಥವನ್ನು ಬೆರೆಸಲೇಬೇಕು. ಡಬ್ಬಿಯ ಮೇಲೆ ‘ಶೇಕಡ 100 ಕಾರ್ನೌಬಾ’ ಎಂದಿದ್ದರೂ ಒಳಗಿನದೆಲ್ಲ ಕಾರ್ನೌಬಾ ಎಂದು ಅರ್ಥವಲ್ಲ. ಬಳಸಿದ ಕಾರ್ನೌಬಾ ಶುದ್ಧವಾದದ್ದು ಎಂದಷ್ಟೇ. ಜೇನುಮೇಣ 62–64 ಡಿಗ್ರಿಗೇ ಕರಗುತ್ತದೆ. ಹಾಗಾಗಿ ‘82 ಡಿಗ್ರಿಯವರೆಗೆ ಏನೂ ಆಗುವುದಿಲ್ಲ’ ಎಂದು ಅಂಗಡಿಯಲ್ಲಿ ಹೇಳಿದರೆ ಅದು ಮರದ ಮೇಣದ ಲೆಕ್ಕ, ನಿಮ್ಮ ಡಬ್ಬಿಯದಲ್ಲ.

ನನ್ನ ಬಳಿ ದೂರದಿಂದ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ಇದೆ. ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಕಪ್ಪು ಬಾನೆಟ್‌ಗೆ ಹಿಡಿದರೆ 70 ದಾಟುವುದನ್ನು ಎಷ್ಟೋ ಸಲ ನೋಡಿದ್ದೇನೆ. ಪಕ್ಕದಲ್ಲೇ ನಿಂತ ಬಿಳಿ ಗಾಡಿ 50ರ ಆಸುಪಾಸಿನಲ್ಲಿರುತ್ತದೆ. ಗನ್ ಇಲ್ಲದಿದ್ದರೆ ಅಂಗೈ ಇಟ್ಟು ನೋಡಿ. ಕಪ್ಪು ಬಾನೆಟ್ ಮೇಲೆ ಐದು ಎಣಿಸುವುದರೊಳಗೆ ಕೈ ತೆಗೆಯುತ್ತೀರಿ, ಬಿಳಿಯದರ ಮೇಲೆ ಹತ್ತು ಎಣಿಸಬಹುದು. ಆ ಬಿಸಿಯಲ್ಲಿ ವ್ಯಾಕ್ಸ್ ನೀರಾಗಿ ಹರಿದುಹೋಗುವುದಿಲ್ಲ. ಒಳಗಿನ ಎಣ್ಣೆ ಆರುತ್ತದೆ, ಪದರ ಮೆತ್ತಗಾಗುತ್ತದೆ, ಮೆತ್ತಗಾದದ್ದಕ್ಕೆ ಧೂಳು ಅಂಟುತ್ತದೆ. ಮರುದಿನ ಬೆಳಿಗ್ಗೆ ಬಟ್ಟೆ ಆಡಿಸಿದಾಗ ಧೂಳಿನ ಜೊತೆ ಮೇಣವೂ ಹೋಗುತ್ತದೆ. ದಿನವೂ ಅಷ್ಟಷ್ಟು.

ಆ ಬಟ್ಟೆಯ ವಿಷಯಕ್ಕೇ ಬರುತ್ತೇನೆ. ನಿಮ್ಮ ಪತ್ರದಲ್ಲಿ ಅದು ಒಂದೇ ಸಾಲಿನಲ್ಲಿ ಮುಗಿದಿದೆ, ನನ್ನ ಅನುಭವದಲ್ಲಿ ಮುಂಬೈಯ ಗಾಡಿಗಳಿಗೆ ದೊಡ್ಡ ಪೆಟ್ಟು ಅಲ್ಲಿಂದಲೇ. ಬೆಳಿಗ್ಗೆ ಐದೂವರೆಗೆ ಸೊಸೈಟಿಯ ಕೆಳಗಿಳಿದು ಒಮ್ಮೆ ನೋಡಿ. ಒಂದು ಬಾಲ್ದಿ ನೀರು, ಹಳೆಯ ಬನಿಯನ್ನಿನದೋ ಟವೆಲಿನದೋ ಒಂದು ತುಂಡು. ಅದೇ ಬಾಲ್ದಿಯಲ್ಲಿ ಹತ್ತು ಹನ್ನೆರಡು ಗಾಡಿ. ಮೂರನೆಯ ಗಾಡಿಗೆ ಬರುವಾಗಲೇ ನೀರು ಬೂದಿ ಬಣ್ಣ. ಬಟ್ಟೆ ಹಿಂಡಿ ಅಂಗೈ ಮೇಲೆ ಸವರಿದರೆ ಮರಳು ಕೈಗೆ ಸಿಗುತ್ತದೆ. ಸುತ್ತ ಎಲ್ಲಿ ನೋಡಿದರೂ ಕಟ್ಟಡದ ಕೆಲಸ, ಮೆಟ್ರೋ ಕೆಲಸ. ಅಲ್ಲಿಂದ ಬರುವ ಧೂಳಿನಲ್ಲಿ ಸಿಮೆಂಟ್ ಇದೆ, ಮರಳಿನ ಹುಡಿ ಇದೆ. ಮರಳು ಗಾಡಿಯ ಬಣ್ಣಕ್ಕಿಂತ ಗಡಸು. ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸುಮಾರು 40–50 ಮೈಕ್ರಾನ್ ದಪ್ಪ, ತಲೆಕೂದಲಿಗಿಂತ ತೆಳು. ಅದರ ಮೇಲೆ ನೀವು ಹಚ್ಚಿದ ವ್ಯಾಕ್ಸ್ ಒಂದು ಮೈಕ್ರಾನ್ ಕೂಡ ಇರುವುದಿಲ್ಲ. ದಿನಕ್ಕೊಂದು ಸಲ ಮರಳಿನ ಬಟ್ಟೆ ಆಡಿದರೆ ಅದೆಷ್ಟು ದಿನ ತಡೆದೀತು? ಹುಡುಗನ ಕೈ ಎಟಕುವುದು, ಅವನು ಒತ್ತಿ ಒರೆಸುವುದು ಬಾನೆಟ್ ಮತ್ತು ರೂಫಿನ ಅಂಚು. ಬಾಗಿಲಿಗೆ ಮೇಲಿಂದ ಒಂದು ಕೈ, ಮುಗಿಯಿತು. ನಿಮ್ಮ ಬಾಗಿಲಿನ ಮುತ್ತು ಉಳಿದ ಗುಟ್ಟಿನಲ್ಲಿ ಅರ್ಧ ಇಲ್ಲೇ ಇದೆ.

ಇದರಲ್ಲಿ ಆ ಹುಡುಗನ ತಪ್ಪೇನೂ ಇಲ್ಲ. ಒಂದು ಗಾಡಿಗೆ ತಿಂಗಳಿಗೆ ಐನೂರು ರೂಪಾಯಿ ಕೊಟ್ಟು, ಆರೂವರೆಯೊಳಗೆ ಗಾಡಿ ಹೊಳೆಯಬೇಕು ಎನ್ನುವವರು ನಾವು. ನಾನು ಗಿರಾಕಿಗಳಿಗೆ ಹೇಳುವುದು ಇಷ್ಟು: ಎರಡು ಒಳ್ಳೆಯ ಮೈಕ್ರೋಫೈಬರ್ ಬಟ್ಟೆ ನೀವೇ ತಂದು ನಿಮ್ಮ ಗಾಡಿಗೇ ಎಂದು ಕೊಡಿ. ದಿನಾ ಗಾಜು, ಕನ್ನಡಿ ಒರೆಸಿದರೆ ಸಾಕು ಎನ್ನಿ. ಮೈಯನ್ನು ವಾರಕ್ಕೆ ಎರಡೇ ಸಲ, ಮೊದಲು ನೀರು ಸುರಿದು ಧೂಳು ಇಳಿಸಿ, ಆಮೇಲೆ ಬಟ್ಟೆ. ಕೊಡುವ ಹಣ ಕಡಿಮೆ ಮಾಡಬೇಡಿ. ಇಷ್ಟು ಬದಲಾಯಿಸಿದ ಗಾಡಿಗಳಲ್ಲಿ ವ್ಯಾಕ್ಸ್ ಎರಡು ಮೂರು ವಾರ ಹೆಚ್ಚು ಬಾಳಿದ್ದನ್ನು ನೋಡಿದ್ದೇನೆ. ಅದಕ್ಕಿಂತ ಮುಖ್ಯವಾಗಿ, ಬಿಸಿಲಲ್ಲಿ ಜೇಡರ ಬಲೆಯಂತೆ ಕಾಣುವ ಸಣ್ಣ ಗೀರುಗಳು ನಿಲ್ಲುತ್ತವೆ. ಕಪ್ಪು ಬಣ್ಣದ ಮೇಲೆ ಅವು ಎಷ್ಟು ಕಾಣುತ್ತವೆ ಎಂದು ನಿಮಗೆ ಹೇಳಬೇಕಾಗಿಲ್ಲ.

ಇನ್ನು ಫೋಮ್ ವಾಶ್. ಎಲ್ಲ ಫೋಮ್ ಕೆಟ್ಟದ್ದಲ್ಲ. ಪಿಎಚ್ 7ರ ಆಸುಪಾಸಿನ, ಅಂದರೆ ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ ನ್ಯೂಟ್ರಲ್ ಕಾರ್ ಶಾಂಪೂ ಮೇಣಕ್ಕೆ ತೊಂದರೆ ಕೊಡುವುದಿಲ್ಲ. ಆದರೆ ಅಗ್ಗದ ಫೋಮ್ ಅನೇಕ ಕಡೆ ಕ್ಷಾರ. ಕೆಸರು, ಎಣ್ಣೆ ತಿಕ್ಕದೆ ಇಳಿಯಬೇಕಲ್ಲ, ಅದಕ್ಕೆ. ಕೊಳೆಯ ಎಣ್ಣೆ ಯಾವುದು, ನೀವು ಹಚ್ಚಿದ ಮೇಣ ಯಾವುದು ಎಂದು ಕ್ಷಾರಕ್ಕೆ ಗೊತ್ತಾಗುವುದಿಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್‌ನದೂ ಇದೇ ಕತೆ. ಕೆಲವು ಕಡೆ ತೊಳೆದ ಮೇಲೆ ಅಡಿಭಾಗಕ್ಕೆ ಡೀಸೆಲ್ ಸ್ಪ್ರೇ ಮಾಡುತ್ತಾರೆ. ಡೀಸೆಲ್ ಮೇಣವನ್ನು ಕರಗಿಸುತ್ತದೆ, ಹಾರಿದ ಹನಿ ಬಾಗಿಲಿನ ಕೆಳಭಾಗಕ್ಕೂ ಬೀಳುತ್ತದೆ. ಕೆಲವು ವರ್ಷದ ಹಿಂದೆ ಊರಿನಿಂದ ಬರುತ್ತಾ ಪನ್ವೇಲ್ ಹತ್ತಿರ, ಗಾಡಿಯ ಮುಖ ಪೂರ್ತಿ ಹುಳ ಮೆತ್ತಿಕೊಂಡಿದ್ದರಿಂದ ಹೆದ್ದಾರಿ ಬದಿಯ ಒಂದು ಕಡೆ ತೊಳೆಸಿದೆ. ಹತ್ತು ದಿನದ ಹಿಂದಷ್ಟೇ ನನ್ನ ಕೈಯಾರೆ ವ್ಯಾಕ್ಸ್ ಹಚ್ಚಿದ್ದ ಗಾಡಿ. ಮನೆಗೆ ಬಂದು ಪೈಪ್ ಹಿಡಿದರೆ ಒಂದು ಮುತ್ತೂ ಇಲ್ಲ. ಒಂದೇ ತೊಳೆತಕ್ಕೆ ಅಷ್ಟೂ ಹೋಗಿತ್ತು. ಅಂದಿನಿಂದ ತೊಳೆಸುವ ಮೊದಲು ‘ಯಾವ ಶಾಂಪೂ, ಕ್ಯಾನ್ ತೋರಿಸಿ’ ಎಂದು ಕೇಳುತ್ತೇನೆ. ನೀವೂ ಕೇಳಿ, ಅದರಲ್ಲಿ ಸಂಕೋಚ ಬೇಡ.

ಮಳೆಯ ಮೇಲೆ ಮಾತ್ರ ಅಪವಾದ ಹೊರಿಸಬೇಡಿ. ಮೇಣ ನೀರಿನಲ್ಲಿ ಕರಗುವುದಿಲ್ಲ. ಕರಗುತ್ತಿದ್ದರೆ ಕೆಸುವಿನ ಎಲೆ ಆಷಾಢದಲ್ಲಿ ಉಳಿಯುತ್ತಿರಲಿಲ್ಲ. ಮಳೆಗಾಲದಲ್ಲಿ ವ್ಯಾಕ್ಸ್ ಬೇಗ ಹೋಗುವುದು ರಸ್ತೆಯ ಕೆಸರಿನಿಂದ. ಮುಂದಿನ ಟ್ರಕ್ಕಿನ ಚಕ್ರದಿಂದ ಎರಚುವ ಆ ಎಣ್ಣೆ, ಹೊಗೆ, ಮಣ್ಣಿನ ರಾಡಿ ಮೈಗೆ ಮೆತ್ತುತ್ತದೆ, ಅದನ್ನು ತೆಗೆಯಲು ನಾವು ಮತ್ತೆ ಮತ್ತೆ ತಿಕ್ಕುತ್ತೇವೆ.

ಇಲ್ಲೇ ಇನ್ನೊಂದು ತಪ್ಪು ತಿಳಿವಳಿಕೆಯನ್ನು ಹೇಳಿಬಿಡಬೇಕು. ಮುತ್ತು ನಿಲ್ಲಲಿಲ್ಲ ಎಂದ ಕೂಡಲೇ ವ್ಯಾಕ್ಸ್ ಹೋಯಿತು ಎಂದು ತೀರ್ಮಾನಿಸಬೇಡಿ. ಮೇಣದ ಮೇಲೆ ರಾಡಿಯ ತೆಳು ಪದರ ಕೂತಿದ್ದರೂ ನೀರು ಹರಡುತ್ತದೆ. ಮತ್ತೆ ಹಚ್ಚುವ ಮೊದಲು ಬಾನೆಟ್‌ನ ಒಂದು ಮೂಲೆಯನ್ನು ನ್ಯೂಟ್ರಲ್ ಶಾಂಪೂವಿನಿಂದ ಮೆಲ್ಲಗೆ ತೊಳೆದು, ಚೊಕ್ಕ ನೀರು ಸುರಿದು ನೋಡಿ. ಮುತ್ತು ಮರಳಿ ಬಂದರೆ ಮೇಣ ಕೆಳಗೆ ಇದೆ, ತೊಳೆತವಷ್ಟೇ ಬಾಕಿಯಿತ್ತು. ಬಾರದಿದ್ದರೆ ಹೋಗಿದೆ. ಇದರ ತಿರುವೂ ನಿಜ: ಕೆಲವು ಸೆಂಟರುಗಳಲ್ಲಿ ಕೊನೆಗೆ ಸಿಲಿಕೋನ್ ಸ್ಪ್ರೇ ಹೊಡೆದು ಕೊಡುತ್ತಾರೆ. ಮುತ್ತು ಜೋರಾಗಿ ನಿಲ್ಲುತ್ತದೆ, ಕೆಲವು ದಿನದಲ್ಲಿ ಮಾಯವಾಗುತ್ತದೆ. ಅದನ್ನು ನೋಡಿ ವ್ಯಾಕ್ಸ್ ಬಾಳಿಕೆ ಅಳೆಯಬಾರದು.

ಅಣ್ಣನ ಗಾಡಿಯ ಲೆಕ್ಕ ಈಗ ನಿಮಗೇ ಹೊಳೆದಿರಬೇಕು. ಬಿಳಿ ಗಾಡಿ, ಅಂದರೆ ಬಿಸಿ ಕಡಿಮೆ. ಪುಣೆ ನಗರದಲ್ಲಿ ವರ್ಷದ ಮಳೆ ಮುಂಬೈಯ ಮೂರನೇ ಒಂದು ಭಾಗದ ಆಸುಪಾಸು, ಗಾಳಿಯಲ್ಲಿ ಉಪ್ಪಿಲ್ಲ, ಸೆಕೆ ಇದ್ದರೂ ನಮ್ಮಲ್ಲಿಯಂತೆ ಜಿಗುಟಿಲ್ಲ. ಗಾಡಿ ಕಟ್ಟಡದ ಕೆಳಗಿನ ಪಾರ್ಕಿಂಗಿನಲ್ಲಿ ನಿಲ್ಲುವುದಾದರೆ ಇನ್ನೂ ಒಳ್ಳೆಯದು. ಅಂಥ ಗಾಡಿಗೆ ಎರಡೂವರೆ ಮೂರು ತಿಂಗಳು ಸಹಜ. ಡಬ್ಬಿಯ ಮೇಲಿನ ಆರು ತಿಂಗಳು ತಂಪು ಹವೆ, ಮುಚ್ಚಿದ ಗ್ಯಾರೇಜು, ವಾರಕ್ಕೊಮ್ಮೆ ಮೆತ್ತಗಿನ ತೊಳೆತ, ಇವೆಲ್ಲ ಕೂಡಿಬಂದಾಗಿನ ಮಾತು. ‘ವರೆಗೆ’ ಎನ್ನುವ ಪದ ಸಣ್ಣ ಅಕ್ಷರದಲ್ಲಿದ್ದರೂ ಅದನ್ನೇ ಮೊದಲು ಓದಬೇಕು.

ಮುಂಬೈಯಲ್ಲೇ ಎಲ್ಲ ಕಡೆ ಒಂದೇ ಅಲ್ಲ. ಮುಚ್ಚಿದ ಪಾರ್ಕಿಂಗ್, ತಿಳಿ ಬಣ್ಣ, ತಿಂಗಳಿಗೆ ನಾಲ್ಕೈದು ನೂರು ಕಿಲೋಮೀಟರ್ ಓಡಾಟ ಇರುವ ಗಾಡಿಗೆ ನವೆಂಬರಿನಲ್ಲಿ ಹಚ್ಚಿದರೆ ಎರಡು ತಿಂಗಳು ದಾಟುತ್ತದೆ. ಜುಲೈಯಲ್ಲಿ ಬಯಲಲ್ಲಿ ನಿಂತು ದಿನಾ ಹೆದ್ದಾರಿ ಕಾಣುವ ಗಾಡಿಗೆ ಮೂರು ನಾಲ್ಕು ವಾರ. ಗೋವಾದಲ್ಲಿ ಕಡಲಿಗೆ ಹತ್ತಿರದ ನನ್ನ ಗಿರಾಕಿಗಳಿಗೂ ಸುಮಾರು ಅಷ್ಟೇ. ಉಪ್ಪೇ ಮೇಣವನ್ನು ತಿನ್ನುತ್ತದೆ ಎಂದು ಅವರು ನಂಬಿದ್ದಾರೆ. ನಾನು ಕಂಡಂತೆ ಅಲ್ಲಿ ಮೇಣ ಸವೆಯುವುದು ಹೆಚ್ಚು ಸಲ ತೊಳೆಯುವುದರಿಂದ. ಹಾಗೆಂದು ತೊಳೆಯುವುದನ್ನು ಬಿಡಲೂ ಬಾರದು. ಉಪ್ಪು ಗಾಳಿಯ ತೇವ ಹಿಡಿದಿಟ್ಟುಕೊಂಡು ಸಂದುಗಳಲ್ಲಿ ತುಕ್ಕು ತರುತ್ತದೆ, ಕೆಮ್ಮಣ್ಣಿನ ಧೂಳು ಮೂಲೆಗಳಲ್ಲಿ ಕೂತು ಕಲೆ ಮಾಡುತ್ತದೆ. ವ್ಯಾಕ್ಸ್ ಹಚ್ಚಿದ್ದೇನೆ, ತುಕ್ಕು ಬಾರದು ಎಂದು ಯಾರೂ ನಿಶ್ಚಿಂತರಾಗಬೇಡಿ. ತುಕ್ಕು ಶುರುವಾಗುವುದು ಬಾಗಿಲಿನ ಅಡಿಯ ಒಳಮಡಿಕೆ, ಚಕ್ರದ ಕಮಾನು, ಅಡಿಭಾಗ, ಕಲ್ಲು ತಾಗಿ ಬಣ್ಣ ಎದ್ದ ಜಾಗ, ಇಂಥಲ್ಲಿ. ಅಲ್ಲೆಲ್ಲ ವ್ಯಾಕ್ಸ್ ಡಬ್ಬಿ ತಲುಪುವುದಿಲ್ಲ.

ಮಾವನವರ ಸೀಮೆಎಣ್ಣೆಗೆ ಒಂದು ಹಿನ್ನೆಲೆಯಿದೆ. ಹಿಂದೆ ಗಾಡಿಗಳಿಗೆ ಕ್ಲಿಯರ್ ಕೋಟ್ ಇರಲಿಲ್ಲ, ಬಣ್ಣ ಬಿಸಿಲಿಗೆ ಸುಣ್ಣದಂತೆ ಮಾಸುತ್ತಿತ್ತು. ಎಣ್ಣೆ ಒರೆಸಿದರೆ ಮಾಸಿದ ಬಣ್ಣ ಒದ್ದೆಯಾದಂತೆ ಗಾಢವಾಗಿ ಕಾಣುತ್ತಿತ್ತು. ಅವರು ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದಾರೆ. ಆದರೆ ಸೀಮೆಎಣ್ಣೆ ಮೇಣವನ್ನು ಕರಗಿಸುವ ದ್ರಾವಕ. ಇಂದು ಒರೆಸಿದರೆ ಬಾಗಿಲಿನ ಮೇಲೆ ಉಳಿದಿರುವ ವ್ಯಾಕ್ಸೂ ಹೋಗುತ್ತದೆ, ಕಿಟಕಿಯ ರಬ್ಬರ್ ಬೀಡಿಂಗ್ ಉಬ್ಬುತ್ತದೆ, ಉಳಿದ ಜಿಡ್ಡಿಗೆ ಸಂಜೆಯೊಳಗೆ ಧೂಳು ಕೂರುತ್ತದೆ. ಕೊಬ್ಬರಿ ಎಣ್ಣೆಯೂ ಬೇಡ.

ಸೆರಾಮಿಕ್ ಕೋಟಿಂಗ್, ಅಂದರೆ ಬಣ್ಣದ ಮೇಲೆ ಹಚ್ಚಿದ ಮೇಲೆ ಗಟ್ಟಿಯಾಗುವ ಪಾರದರ್ಶಕ ಲೇಪದ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅದು ನಾನೇ ಮಾಡಿಕೊಡುವ ಕೆಲಸ, ವ್ಯಾಕ್ಸ್‌ಗಿಂತ ನನಗೆ ಹೆಚ್ಚು ಹಣ ತರುವುದೂ ಅದೇ. ಒಳ್ಳೆಯ ಕೋಟಿಂಗ್ ಬಣ್ಣಕ್ಕೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ, ಶಾಂಪೂವಿಗೆ ಜಗ್ಗುವುದಿಲ್ಲ, ಬಿಸಿಗೆ ಮೆತ್ತಗಾಗುವುದಿಲ್ಲ. ಆದರೆ ‘9ಎಚ್ ಗಡಸುತನ, ಗೀರು ಬೀಳುವುದಿಲ್ಲ’ ಎಂಬ ಮಾತನ್ನು ನಂಬಬೇಡಿ. ಆ 9ಎಚ್ ಪೆನ್ಸಿಲ್ ಗೀಚಿ ನೋಡುವ ಪರೀಕ್ಷೆಯ ಅಳತೆ. ಮರಳಿನ ಬಟ್ಟೆಗೆ ಕೋಟಿಂಗೂ ಗೀರುತ್ತದೆ. ಹಚ್ಚುವ ಮೊದಲು ಇರುವ ಗೀರುಗಳನ್ನು ಪಾಲಿಶ್ ಮಾಡಿ ತೆಗೆಯಬೇಕು, ಆಗ ಕ್ಲಿಯರ್ ಕೋಟ್ ಒಂದಿಷ್ಟು ತೆಳುವಾಗುತ್ತದೆ. ಹೋದ ಕ್ಲಿಯರ್ ಕೋಟ್ ಮತ್ತೆ ಬೆಳೆಯುವುದಿಲ್ಲ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬಿಸಿಲಲ್ಲಿ ಅದರ ಮೇಲೆ ಒಣಗಿದರೆ ಬಿಳಿ ಸುಣ್ಣದ ಉಂಗುರ ಕೂರುತ್ತದೆ. ವ್ಯಾಕ್ಸ್ ಆಗಿದ್ದರೆ ಆ ಪದರವನ್ನೇ ತೆಗೆದು ಹೊಸದಾಗಿ ಹಚ್ಚಬಹುದು, ಕೋಟಿಂಗ್ ಮೇಲೆ ಕೂತ ಕಲೆ ಬಿಡದಿದ್ದರೆ ಮತ್ತೆ ಮೆಷಿನ್ ಪಾಲಿಶ್. ಮೂರು ವರ್ಷ ಎಂದು ಹೇಳುವ ಕೋಟಿಂಗ್, ಬಯಲಲ್ಲಿ ನಿಂತ ಮುಂಬೈ ಗಾಡಿಗಳಲ್ಲಿ ಒಂದು ಒಂದೂವರೆ ವರ್ಷಕ್ಕೆ ಮಂಕಾಗಿದ್ದನ್ನು ನೋಡಿದ್ದೇನೆ. ಜೊತೆಗೆ, ಹಚ್ಚಿದ ಮೇಲೆ ಗಟ್ಟಿಯಾಗುವವರೆಗೆ ಗಾಡಿ ಮಳೆಯಲ್ಲಿ ನೆನೆಯಬಾರದು, ಮೊದಲ ವಾರ ತೊಳೆಯಲೂ ಬಾರದು. ಜೂನ್ ತಿಂಗಳಲ್ಲಿ, ಮೇಲ್ಛಾವಣಿ ಇಲ್ಲದ ಪಾರ್ಕಿಂಗಿನಲ್ಲಿ ಅದು ಆಗುವ ಮಾತಲ್ಲ. ಈಗಲೇ ಮಾಡುತ್ತೇವೆ, ಬನ್ನಿ ಎನ್ನುವವರಿದ್ದರೆ ಬೇಡ ಎನ್ನಿ. ಬೆಳಗಿನ ಒರೆಸುವ ಪದ್ಧತಿ ಬದಲಾಗುವವರೆಗೆ ನಿಮ್ಮ ಗಾಡಿಗೆ ನಾನು ಸೆರಾಮಿಕ್ ಮಾಡಿಕೊಡಲಾರೆ.

ನಡುವೆ ಇನ್ನೊಂದು ದಾರಿಯಿದೆ, ಸಿಂಥೆಟಿಕ್ ಸೀಲೆಂಟ್. ಕಾರ್ಖಾನೆಯಲ್ಲಿ ತಯಾರಾದ ಪಾಲಿಮರ್, ಹಚ್ಚುವ ರೀತಿ ವ್ಯಾಕ್ಸ್‌ನದೇ. ಬಿಸಿಗೂ ಶಾಂಪೂವಿಗೂ ಮೇಣಕ್ಕಿಂತ ಹೆಚ್ಚು ತಡೆಯುತ್ತದೆ. ನಿಮ್ಮಂಥ ಪಾರ್ಕಿಂಗಿನಲ್ಲಿ ಮೂರು ತಿಂಗಳು ಸಿಗುತ್ತದೆ. ಕೊರತೆ ಎಂದರೆ ಹೊಳಪು ಸ್ವಲ್ಪ ಗಾಜಿನಂಥದು. ಕಪ್ಪು ಬಣ್ಣಕ್ಕೆ ಕಾರ್ನೌಬಾ ಕೊಡುವ ಆಳ, ಎಣ್ಣೆ ದೀಪದ ಬೆಳಕಿನಲ್ಲಿ ಕಲ್ಲಿನ ವಿಗ್ರಹ ಕಾಣುವಂಥ ಆ ತುಂಬು ಹೊಳಪು, ಸೀಲೆಂಟಿನಲ್ಲಿ ನನಗೆ ಎಂದೂ ಕಂಡಿಲ್ಲ. ಅದಕ್ಕೇ ಕಪ್ಪು ಗಾಡಿಯವರಿಗೆ ನಾನು ಮಳೆಗಾಲಕ್ಕೆ ಸೀಲೆಂಟ್, ಮಳೆ ನಿಂತ ಮೇಲೆ ಕಾರ್ನೌಬಾ ಎನ್ನುತ್ತೇನೆ. ಮೇ ಕೊನೆಗೆ ಹಚ್ಚಿದ್ದರೆ ಚೆನ್ನಾಗಿತ್ತು, ಈಗಲೂ ತಡವಾಗಿಲ್ಲ.

ಗಾಡಿ ಮುಚ್ಚುವ ಕವರ್ ಬಗ್ಗೆ ನೀವು ಕೇಳಿಲ್ಲ, ಆದರೂ ಮುಂದಿನ ಯೋಚನೆ ಅದೇ ಇರುತ್ತದೆ. ಧೂಳು ಕೂತ ಗಾಡಿಗೆ ಕವರ್ ಹಾಕಿದರೆ ಗಾಳಿಗೆ ಅದು ಅಲುಗಾಡಿ ಮರಳು ಕಾಗದದ ಕೆಲಸ ಮಾಡುತ್ತದೆ. ಮಳೆಯಲ್ಲಿ ಒಳಗೆ ತೇವ ಕೂರುತ್ತದೆ. ಬೇಡ.

ನಿಮ್ಮ ಜಾಗದ ಎರಡು ತೊಂದರೆಗಳನ್ನು ಮಾತ್ರ ಬೇರೆಯಾಗಿ ಹೇಳಬೇಕು. ಒಂದು ರೈಲು ಹಳಿ. ಲೋಕಲ್‌ಗಳ ಚಕ್ರ, ಬ್ರೇಕ್, ಹಳಿ ಉಜ್ಜಿ ಏಳುವ ಕಬ್ಬಿಣದ ಕಣ ಗಾಳಿಯಲ್ಲಿ ಬಂದು ಬಣ್ಣಕ್ಕೆ ಕಚ್ಚುತ್ತದೆ, ಅಲ್ಲೇ ತುಕ್ಕು ಹಿಡಿಯುತ್ತದೆ. ತೊಳೆದ ಬಾನೆಟ್ ಮೇಲೆ ತೆಳು ಪ್ಲಾಸ್ಟಿಕ್ ಚೀಲ ಬೆರಳಿಗೆ ಸುತ್ತಿ ಸವರಿ ನೋಡಿ. ಬರಿಗೈಗೆ ನುಣುಪು ಅನ್ನಿಸಿದ್ದು ಚೀಲದೊಳಗಿಂದ ರವೆ ಮುಟ್ಟಿದಂತೆ ಅನ್ನಿಸಿದರೆ ಅದು ಇದೇ. ಇದರ ಮೇಲೆ ವ್ಯಾಕ್ಸ್ ಹಚ್ಚಿದರೆ ಬಣ್ಣಕ್ಕೆ ಹಿಡಿಯುವುದಿಲ್ಲ. ನೀವು ಏಪ್ರಿಲ್‌ನಲ್ಲಿ ಹಚ್ಚುವ ಮೊದಲು ಇದನ್ನು ತೆಗೆದ ಬಗ್ಗೆ ಬರೆದಿಲ್ಲ. ತೆಗೆದಿರದಿದ್ದರೆ ಬಾನೆಟ್ ಬೇಗ ಸೋತದ್ದಕ್ಕೆ ಇದೂ ಸೇರಿದೆ. ಐರನ್ ರಿಮೂವರ್ ಎಂದು ಸ್ಪ್ರೇ ಸಿಗುತ್ತದೆ. ಕಬ್ಬಿಣ ಇದ್ದಲ್ಲಿ ಅದು ನೇರಳೆ ಬಣ್ಣಕ್ಕೆ ತಿರುಗಿ ಇಳಿಯುತ್ತದೆ. ನೆರಳಲ್ಲಿ, ತಣ್ಣಗಿನ ಮೈ ಮೇಲೆ, ಕೈಗವಸು ಹಾಕಿಕೊಂಡು ಹೊಡೆಯಿರಿ, ಒಣಗುವ ಮೊದಲು ಚೆನ್ನಾಗಿ ತೊಳೆಯಿರಿ. ಆಮೇಲೂ ಉಳಿದ ಒರಟನ್ನು ಕ್ಲೇ ಬಾರ್, ಅಂದರೆ ಮೈ ಮೇಲೆ ಸವರುವ ಜೇಡಿಮಣ್ಣಿನಂಥ ಮೆತ್ತಗಿನ ತುಂಡು, ತೆಗೆಯುತ್ತದೆ. ಶಾಂಪೂ ನೀರು ಧಾರಾಳವಾಗಿರಲಿ, ಒತ್ತಬೇಡಿ. ಕ್ಲೇ ಕೆಳಗೆ ಬಿದ್ದರೆ ಎತ್ತಿ ಬಳಸದೆ ಎಸೆಯಿರಿ.

ಎರಡನೆಯದು ಮರ. ಮುಂಬೈಯ ಮಳೆಮರಗಳಿಗೆ ಹಿಟ್ಟು ತಿಗಣೆಯ ಕಾಟವಿದೆ. ಅವು ಉದುರಿಸುವ ಸಿಹಿ ಅಂಟು ಗಾಡಿಯ ಮೇಲೆ ಸಣ್ಣ ಸಣ್ಣ ಹನಿಯಾಗಿ ಬಿದ್ದು ಗಟ್ಟಿಯಾಗುತ್ತದೆ. ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಐದು ನಿಮಿಷ ಹಾಸಿದರೆ ಬಿಡುತ್ತದೆ. ಅದೇ ಮರದ ಕಾಗೆ, ಪಾರಿವಾಳದ ಹಿಕ್ಕೆಗೆ ಮಾತ್ರ ಕಾಯಬಾರದು. ಬಿಸಿಲಿಗೆ ಮೆತ್ತಗಾದ ಕ್ಲಿಯರ್ ಕೋಟ್ ಸಂಜೆ ತಣಿಯುವಾಗ ಒಣಗಿದ ಹಿಕ್ಕೆಯ ಅಚ್ಚು ಹಿಡಿದು ಗಟ್ಟಿಯಾಗುತ್ತದೆ, ಜೊತೆಗೆ ಅದರ ಆಮ್ಲ. ವ್ಯಾಕ್ಸ್ ಇದ್ದರೆ ನಿಮಗೆ ಕೆಲವು ಗಂಟೆಯ ಬಿಡುವು ಸಿಗುತ್ತದೆ, ಅಷ್ಟೇ. ಗಾಡಿಯಲ್ಲಿ ಒಂದು ನೀರಿನ ಬಾಟಲಿ, ಟಿಶ್ಯೂ ಇಟ್ಟುಕೊಳ್ಳಿ. ಒದ್ದೆ ಟಿಶ್ಯೂ ಹಾಸಿ, ನೆನೆದ ಮೇಲೆ ಮೇಲಕ್ಕೆ ಎತ್ತಿ ತೆಗೆಯಿರಿ, ಉಜ್ಜಬೇಡಿ. ಆ ಜಾಗಕ್ಕೆ ಬೆರಳ ತುದಿಯಷ್ಟು ವ್ಯಾಕ್ಸ್ ಮತ್ತೆ ಮುಟ್ಟಿಸಿ.

ಈಗ ಏನು ಮಾಡಬೇಕು? ಮಳೆ ಬಿಡುವು ಕೊಟ್ಟ ಒಂದು ದಿನ ಮೇಲ್ಛಾವಣಿ ಇರುವ ಜಾಗ ಹುಡುಕಿ, ಸೊಸೈಟಿಯ ಸ್ಟಿಲ್ಟ್ ಪಾರ್ಕಿಂಗಿನಲ್ಲಿ ಯಾರಾದರೂ ಅರ್ಧ ದಿನ ಬಿಟ್ಟುಕೊಟ್ಟಾರು. ಮೇಲೆ ಹೇಳಿದ ಪರೀಕ್ಷೆ, ತೊಳೆತ, ಕಬ್ಬಿಣ, ಕ್ಲೇ ಮುಗಿಸಿ ಪೂರ್ತಿ ಒಣಗಿಸಿ. ಕನ್ನಡಿ, ಹಿಡಿಕೆ, ಬಾಗಿಲಿನ ಸಂದಿನಲ್ಲಿ ನೀರು ಅಡಗಿರುತ್ತದೆ, ಅಲ್ಲಿ ಬಟ್ಟೆ ಒತ್ತಿ ತೆಗೆಯಿರಿ. ಬಾನೆಟ್, ರೂಫ್, ಡಿಕ್ಕಿಗೆ ಸೀಲೆಂಟ್ ಹಚ್ಚಿ. ಬಾಗಿಲುಗಳಿಗೆ ಸದ್ಯ ಇರುವ ವ್ಯಾಕ್ಸೇ ಸಾಕು.

ಡಬ್ಬಿಯಲ್ಲಿ ಉಳಿದ ಕಾರ್ನೌಬಾ ಎಸೆಯಬೇಡಿ, ಮುಚ್ಚಳ ಬಿಗಿದು ತಂಪಿನಲ್ಲಿಡಿ. ಅಕ್ಟೋಬರ್‌ನಲ್ಲಿ ಮಳೆ ಹೊರಟ ಮೇಲೆ ಹಚ್ಚಲು ಅದೇ ಬೇಕು. ಆಗ ಹಚ್ಚುವ ರೀತಿಯಲ್ಲಿ ಒಂದು ಬದಲಾವಣೆ ಮಾಡಿ. ನೀವು ಒಂದು ಭಾನುವಾರ ಪೂರ್ತಿ ತೆಗೆದುಕೊಂಡಿರಿ ಎಂದರೆ ದಪ್ಪ ಹಚ್ಚಿದ್ದೀರಿ ಎಂದು ನನ್ನ ಊಹೆ. ದಪ್ಪ ಹಚ್ಚಿದ್ದು ಒರೆಸಲು ಕಷ್ಟ, ಹೆಚ್ಚು ದಿನವೂ ಬಾಳುವುದಿಲ್ಲ, ಮಿಕ್ಕಿದ್ದೆಲ್ಲ ಬಟ್ಟೆಗೇ ಹೋಗುತ್ತದೆ. ಸ್ಪಂಜನ್ನು ಡಬ್ಬಿಯ ಮೇಲೆ ಒಂದು ಸುತ್ತು ತಿರುಗಿಸಿದರೆ ಅರ್ಧ ಬಾನೆಟ್‌ಗೆ ಸಾಕು. ಕಪ್ಪು ಬಣ್ಣದ ಮೇಲೆ ಉಸಿರು ಬಿಟ್ಟಷ್ಟು ಮಬ್ಬು ಕಾಣಬೇಕು, ಬಿಳಿಯಾಗಿ ಕಾಣಬಾರದು. ಬೆರಳಿನಿಂದ ಒಂದು ಗೆರೆ ಎಳೆದು ನೋಡಿ. ಗೆರೆ ಚೊಕ್ಕವಾಗಿ ಹೊಳೆದರೆ ಒರೆಸುವ ಹೊತ್ತು, ಎಳೆದಾಡಿದಂತೆ ಕಲಸಿದರೆ ಇನ್ನೂ ಕಾಯಿರಿ. ತೇವದ ದಿನ ಈ ಕಾಯುವಿಕೆ ದುಪ್ಪಟ್ಟಾಗುತ್ತದೆ. ಎರಡನೆಯ ಕೈ ಮರುದಿನ ಹಚ್ಚಿದರೆ ಬಿಟ್ಟುಹೋದ ಜಾಗ ತುಂಬುತ್ತದೆ. ಮೂರು, ನಾಲ್ಕು ಪದರ ಎಂದು ಹೋಗಬೇಡಿ, ಹೊಸ ಪದರದ ದ್ರಾವಕ ಹಳೆಯದನ್ನೇ ಕರಗಿಸುತ್ತದೆ. ಕಪ್ಪು ಪ್ಲಾಸ್ಟಿಕ್ ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಹಚ್ಚಿಕೊಳ್ಳಿ, ಅಲ್ಲಿ ಕೂತ ಬಿಳಿ ಕಲೆ ತೆಗೆಯುವುದು ಸಾಕುಬೇಕಾಗುತ್ತದೆ. ಮುಂದೆ ಯಾವಾಗಲಾದರೂ ಬಂಪರ್‌ಗೋ ಬಾಗಿಲಿಗೋ ಹೊರಗೆ ಬಣ್ಣ ಹೊಡೆಸಿದರೆ ಆ ಭಾಗಕ್ಕೆ ಎರಡು ತಿಂಗಳು ವ್ಯಾಕ್ಸ್ ಬೇಡ, ಬಣ್ಣದೊಳಗಿನ ದ್ರಾವಕ ಹೊರಬರಬೇಕು. ಕಂಪನಿಯಿಂದ ಬಂದ ಬಣ್ಣ ಕುಲುಮೆಯಲ್ಲಿ ಬೆಂದದ್ದು, ಅದಕ್ಕೆ ಈ ಕಟ್ಟಳೆ ಇಲ್ಲ.

ಆಯುಧಪೂಜೆ ಮಳೆ ಹಿಂದೆ ಸರಿಯುವ ಹೊತ್ತಿಗೇ ಬರುತ್ತದೆ. ಪೂಜೆಗೆ ಮೂರು ನಾಲ್ಕು ದಿನ ಮೊದಲು ಹಚ್ಚಿದರೆ ಬಾನೆಟ್ ಮೇಲೆ ಅರಿಸಿನ ಕುಂಕುಮ ಇಟ್ಟಾಗ ಅದು ಬಣ್ಣಕ್ಕೆ ನೇರ ತಾಗುವುದಿಲ್ಲ. ಆದರೂ ಒದ್ದೆ ಕುಂಕುಮವನ್ನು, ನೀರು ಚಿಮುಕಿಸಿದ ಚೆಂಡು ಹೂವಿನ ಹಾರವನ್ನು ರಾತ್ರಿಯಿಡೀ ಬಿಡಬೇಡಿ. ಆರತಿಯಾಗಿ ಒಂದು ಸುತ್ತು ಓಡಿಸಿ ಬಂದ ಮೇಲೆ ಹಾರ ತೆಗೆದು, ಆ ಜಾಗಕ್ಕೆ ಒಂದು ಮಗ್ ನೀರು ಸುರಿದುಬಿಡಿ.